ಅಳಿಯಂದಿರ ಇಂಜಿನ್

ತಾನು ಕೆಲಸ ಮಾಡುವ ಕಟ್ಟುಹಲ್ಲಿನ ಲ್ಯಾಬಿನ ಹಿಂದಿನ ಅಂಗಳದಲ್ಲಿ ಮಾದರಿ ವಿಮಾನದ ಇಂಜಿನ್ ನಿಲ್ಲಿಸಿ, ಅದು ಪೂರ್ತಿ ಆರಲಿ ಎಂದು ಅವಳು ಕಾಯುತ್ತಿದ್ದಾಗ ಫೋನು ಬಂತು. ಆ ಕಡೆ ಗಾಳಿಮಾಮ. ಅಪ್ಪನ ಜೊತೆ ಮಾದರಿ ವಿಮಾನ ಹಾರಿಸುವ ಗುಂಪಿಗೆ ಹಿರಿಯ. ಮೈದಾನಕ್ಕೆ ಕಾಲಿಟ್ಟೊಡನೆ ಒಂದು ಚಿಟಿಕೆ ಒಣಹುಲ್ಲು ತೂರಿ ಗಾಳಿ ಎತ್ತಲಿಂದ ಎಂದು ನೋಡದೆ ಯಾರನ್ನೂ ಮಾತಾಡಿಸಿದವನಲ್ಲ, ಹಾಗಾಗಿ ಆ ಹೆಸರು.

“ನಿನ್ನ ಗಂಡ ಇಂಥ ಕೆಲಸಗಾರ ಅಂತ ನಮಗೆ ಗೊತ್ತೇ ಇರ್ಲಿಲ್ಲ ಕಣಮ್ಮ,” ಎಂದ. “ಐದು ಸಿಲಿಂಡರಿನ ಇಂಜಿನ್ನನ್ನ ಪೆಟ್ರೋಲಿಗೆ ತಿರುಗಿಸೋದು ಅಂದ್ರೆ ಹುಡುಗಾಟವಾ? ನಿಮ್ಮಪ್ಪನ ಬಾಯಲ್ಲಿ ಈಗ ಒಂದೇ ಮಾತು. ಅಳಿಯಂದಿರ ಕೈ ಅಂದ್ರೆ ಕೈ ಅಂತೆ.”

ಅವಳು ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕೂತ ಎಣ್ಣೆಯ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಸುಟ್ಟ ಗಾಯದ ಸಿಪ್ಪೆ ಏಳುತ್ತಿತ್ತು. ಆಮೇಲೆ ಅಳಿಯಂದಿರ ಕೈ ನೋಡಿದಳು. ಅದರಲ್ಲಿ ಬಿಸ್ಕತ್ತು ಇತ್ತು.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ ಗಂಡನ ಹೆಗಲಿಗೆ ಒಂದು ಒದ್ದೆ ಬಟ್ಟೆ, ಕಾಲ ಬಳಿ ಬೆಂಕಿ ಆರಿಸುವ ಕೆಂಪು ಡಬ್ಬಿ. ಬೆಂಕಿ ಹತ್ತಿದರೆ ಆರಿಸುವುದು, ಅವಳು ಕೈ ಚಾಚಿದಾಗ ಬಟ್ಟೆ ಕೊಡುವುದು. ಈ ಇಂಜಿನ್ನಿನಲ್ಲಿ ಅವನ ಪಾಲು ಅಷ್ಟೇ. ಬೆಂಕಿ ಒಮ್ಮೆಯೂ ಹತ್ತಿರಲಿಲ್ಲ.

ಫೋನು ಇಟ್ಟ ಮೇಲೆ ಅವಳು ಕೇಳಿದಳು, “ಇಂಜಿನ್ ನೀವು ಮಾಡಿದ್ದಂತೆ, ಹೌದಾ?”

ಮನೆಯಲ್ಲಿ ಅವರಿಬ್ಬರದು ಏಕವಚನ. ಸಿಟ್ಟು ಬಂದಾಗ ಮಾತ್ರ ಗಂಡನಿಗೆ ಬಹುವಚನ ಸಿಗುತ್ತಿತ್ತು. ಬಿಸ್ಕತ್ತು ಅವನ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

“ಮಾವನೇ ಹಾಗಂದ್ಬಿಟ್ರು. ಹೋದ ವಾರ ಮೈದಾನದಲ್ಲಿ ನಾಲ್ಕು ಜನ ಸೇರಿದ್ರು. ನಾನು ಹೇಳೋಣ ಅಂತಿದ್ದೆ.”

“ಏನಂತ?”

“ನಾನಲ್ಲ ಅಂತ.”

“ಒಂದೇ ಪದ. ಅದಕ್ಕೆ ಒಂದು ವಾರ ಬೇಕಾಯ್ತಾ?”

“ಎಲ್ಲರೂ ಕೈ ಕುಲುಕ್ತಾ ಇದ್ರು ಕಣೇ,” ಎಂದ ಅವನು, ಕೈ ಕುಲುಕುವವರ ಮಧ್ಯೆ ಮನುಷ್ಯನಿಗೆ ಬಾಯಿ ಎಲ್ಲಿ ಬರಬೇಕು ಎನ್ನುವ ಹಾಗೆ. ಕೆಟ್ಟವನಲ್ಲ. ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಬಂದವರಿಗೆಲ್ಲ “ನಿಮ್ಮ ಮುಖಕ್ಕೆ ಚೆನ್ನಾಗಿ ಒಪ್ಪುತ್ತೆ” ಎಂದು ಹೇಳಿ ಹೇಳಿ, ತನಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದರೆ ಸಾಕು, ಕರಗಿಹೋಗುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮೈಯೆಲ್ಲ ಉರಿಯಿತು.

ಉರಿಯದೆ ಏನು ಮಾಡೀತು? ಆ ಇಂಜಿನ್ ಅಪ್ಪನದೇ. ಊಟದ ತಟ್ಟೆಯಷ್ಟು ಅಗಲ. ನಡುವೆ ಒಂದು ದುಂಡು ಪೆಟ್ಟಿಗೆ, ಅದರ ಸುತ್ತ ಬಿಡಿಸಿಟ್ಟ ಬೆರಳುಗಳ ಹಾಗೆ ಐದು ಸಿಲಿಂಡರು. ನೆತ್ತಿಯಲ್ಲಿ ಒಂದು, ಪಕ್ಕಗಳಲ್ಲಿ ಎರಡು, ಕೆಳಗೆ ತಲೆಕೆಳಗಾಗಿ ಎರಡು. ಮೆಥನಾಲ್ ಕುಡಿದು ಓಡುತ್ತಿತ್ತು. ಮೆಥನಾಲ್ ಗಾಳಿಯ ತೇವವನ್ನು ಹೀರುವ ವಸ್ತು. ಹಾರಿಸಿದ ದಿನವೇ ಇಂಜಿನ್ನಿನ ಹೊಟ್ಟೆ ಒಣಗಿಸಿ ಎಣ್ಣೆ ಬಿಡದಿದ್ದರೆ ಒಳಗೆ ತುಕ್ಕು ಖಂಡಿತ. ಅಚ್ಚಿನ ಯಂತ್ರಗಳನ್ನು ರಿಪೇರಿ ಮಾಡಿ ತಲೆ ನರೆಸಿಕೊಂಡ ಅಪ್ಪನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಹಾರಿಸಿದ ಮೇಲೆ ಹಾರಿಸಿದ್ದರ ವರ್ಣನೆ ಶುರುವಾದರೆ ಅಪ್ಪನಿಗೆ ಇಹಪರದ ಪರಿವೆ ಇರುತ್ತಿರಲಿಲ್ಲ. ಮಳೆಗಾಲವಿಡೀ ಇಂಜಿನ್ ಚೀಲದಲ್ಲೇ ಕೊಳೆಯಿತು. ಆಮೇಲೆ ತೆಗೆದು, ತಿರುಗುವುದಿಲ್ಲ ಎಂದು ಬಲವಂತವಾಗಿ ತಿರುಗಿಸಿ, ವಾಲ್ವಿನ ಎರಡು ಕಡ್ಡಿಗಳನ್ನು ಬಗ್ಗಿಸಿದ.

“ಇದರ ಲೋಹವೇ ಸರಿಯಿಲ್ಲ,” ಎಂದು ತೀರ್ಪು ಕೊಟ್ಟ. “ಗುಜರಿಗೆ ಹಾಕು.”

ಗುಜರಿಯ ಡಬ್ಬದಿಂದ ಅದನ್ನು ಎತ್ತಿಕೊಂಡವಳು ಅವಳು. ಬಿಚ್ಚಿ ನೋಡಿದರೆ ಲೋಹ ಬಂಗಾರದಂಥದು. ಬೇರಿಂಗುಗಳಿಗೆ ಮಾತ್ರ ತುಕ್ಕು. ತಪ್ಪು ಲೋಹದ್ದಲ್ಲ, ನಿನ್ನದು ಎಂದು ಅಪ್ಪನಿಗೆ ಹೇಳಲಿಲ್ಲ. “ಬೇರಿಂಗ್ ಸ್ವಲ್ಪ ಹೋಗಿತ್ತು” ಎಂದಷ್ಟೇ ಹೇಳಿ ಸುಮ್ಮನಾದಳು. ಅಪ್ಪನ ಮುಖ ಉಳಿಸಲು ನುಂಗಿದ ಮಾತು ಅದು. ಈಗ ನೆನೆದರೆ ಅದೇ ಗಂಟಲಲ್ಲಿ ಮುಳ್ಳಾಗಿತ್ತು.

ಅವಳ ಕಸುಬು ಕಟ್ಟುಹಲ್ಲಿನ ಸೆಟ್ ಮಾಡುವುದು. ಹಲ್ಲು ಉಜ್ಜಿ ನಯಗೊಳಿಸುವ ಪುಟ್ಟ ಮೋಟರಿನಿಂದಲೇ ಇಂಜಿನ್ನಿಗೆ ಗಾಳಿ ಹೋಗುವ ದಾರಿಗಳನ್ನು ಒಳಗಿನಿಂದ ಕೊರೆದು ಕನ್ನಡಿ ಮಾಡಿದಳು. ಹೊಸ ಹಲ್ಲು ಎಲ್ಲಿ ಎತ್ತರ ಕೂತಿದೆ ಎಂದು ನೋಡಲು ಲ್ಯಾಬಿನವರು ನೀಲಿ ಕಾಗದ ಕಚ್ಚಿಸುತ್ತಾರೆ. ಅದೇ ನೀಲಿಯನ್ನು ಒಂದೊಂದು ವಾಲ್ವಿನ ಅಂಚಿಗೂ ತಾಗಿಸಿ, ಎಲ್ಲೂ ತುಂಡಾಗದ ನೀಲಿ ಉಂಗುರ ಮೂಡುವವರೆಗೆ ಅರೆದಳು. ವಿಮಾನದ ಪಂಖ ಕೂರುವ ಅಚ್ಚಿಗೆ, ಕಿಡಿಯ ಹೊತ್ತು ತಿಳಿಸುವ ಆಯಸ್ಕಾಂತ ಕೂರಿಸಿ, ಕಿಡಿ ಕೊಡುವ ಐದು ಪುಟ್ಟ ಪ್ಲಗ್ಗು ಹಾಕಿ, ಹುಲ್ಲು ಕತ್ತರಿಸುವ ಯಂತ್ರದ ಕಾರ್ಬ್ಯುರೇಟರನ್ನು ಒಗ್ಗಿಸಿ ಪೆಟ್ರೋಲಿಗೆ ತಿರುಗಿಸಿದಳು. ಕೆಳಗಿನ ಎರಡು ಪ್ಲಗ್ಗುಗಳಿಗೆ ಪೇಟೆಯ ಯಾವ ಸ್ಪ್ಯಾನರೂ ಹೋಗಲಿಲ್ಲ. ಒಂದು ಸ್ಪ್ಯಾನರನ್ನು ಲ್ಯಾಬಿನ ಉಜ್ಜುವ ಕಲ್ಲಿಗೆ ಹಿಡಿದು ಸವೆಸಿ ಸವೆಸಿ ಎಲೆಯಷ್ಟು ತೆಳ್ಳಗೆ ಮಾಡಿಕೊಂಡಳು. ಅದು ಅವಳ ಏಪ್ರನ್ ಜೇಬಿನಲ್ಲೇ ಇರುತ್ತಿತ್ತು.

ಆಮೇಲೆ ಪಳಗಿಸುವ ಕೆಲಸ. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಲೋಹಕ್ಕೆ ಲೋಹದ ಪರಿಚಯ ಇರುವುದಿಲ್ಲ. ಮೊದಲ ದಿನವೇ ಓಡಿಸಿದರೆ ಕಚ್ಚಿಕೊಂಡು ಸಾಯುತ್ತವೆ. ಎಣ್ಣೆ ಜಾಸ್ತಿ ಬೆರೆಸಿ, ನಿಧಾನಕ್ಕೆ ಸ್ವಲ್ಪ ಹೊತ್ತು ಓಡಿಸಬೇಕು, ಬಿಸಿಯಾದೊಡನೆ ನಿಲ್ಲಿಸಬೇಕು, ತಣ್ಣಗಾದ ಮೇಲೆ ವಾಲ್ವಿನ ಸಂದು ಅಳೆಯಬೇಕು, ಮತ್ತೆ ಓಡಿಸಬೇಕು. ಮೂಗಿನ ತುದಿಯಲ್ಲೇ ಸಿಟ್ಟು ಇರುವ ಅವಳಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೋ, ಅವಳಿಗೇ ಗೊತ್ತಿರಲಿಲ್ಲ. ಹಲ್ಲಿನ ಬಣ್ಣ ಹೊಂದಿಸುವ ಬಿಳಿ ಟೈಲ್ ಒಂದನ್ನು ಇಂಜಿನ್ನಿನ ಕೆಳಗೆ ಇಟ್ಟು, ಸೋರಿದ ಎಣ್ಣೆಯ ಹನಿಗಳನ್ನು ದೀಪದ ಕೆಳಗೆ ಹಿಡಿದು ನೋಡುತ್ತಿದ್ದಳು. ಮೊದಮೊದಲು ಬೂದಿ ಬಣ್ಣ, ಅದರಲ್ಲಿ ಲೋಹದ ಮಿನುಗು. ಇಂದು ಬೆಳಗ್ಗೆ ಜೇನಿನ ಬಣ್ಣ. ಆ ಖುಷಿಯಲ್ಲಿ ನಿಂತಿದ್ದಾಗಲೇ ಫೋನು ಬಂದದ್ದು.

ಇಂಜಿನ್ ಆರುವವರೆಗೆ ಕಾದಳು, ಸಿಟ್ಟು ಆರುವವರೆಗೆ ಕಾಯಲಿಲ್ಲ. ಏಪ್ರನ್ನಿನಲ್ಲೇ ಅಪ್ಪನ ಮನೆಗೆ ಹೋದಳು.

ಅಲ್ಲಿ ಊಟದ ಮೇಜಿನ ಉದ್ದಕ್ಕೂ ವಿಮಾನದ ರೆಕ್ಕೆ ಮಲಗಿತ್ತು. ಅಪ್ಪ ಇಸ್ತ್ರಿಪೆಟ್ಟಿಗೆ ಹಿಡಿದು ರೆಕ್ಕೆಗೆ ಹಳದಿ ಹಾಳೆ ಅಂಟಿಸುತ್ತಿದ್ದ. ಅಮ್ಮ ಕುರ್ಚಿಯಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದಳು.

“ಬಾ, ನಿಂತ್ಕೊಂಡು ಊಟ ಮಾಡು,” ಎಂದಳು ಅಮ್ಮ. “ಮೇಜು ವಿಮಾನಕ್ಕೆ ಬಿಟ್ಟುಕೊಟ್ಟಾಯ್ತು. ಇನ್ನು ಹಾಸಿಗೆ ಒಂದು ಬಾಕಿ.”

“ಅಪ್ಪ, ಇಂಜಿನ್ ಯಾರು ಮಾಡಿದ್ದು?”

“ಯಾವ ಇಂಜಿನ್ನು?”

“ಮನೆಯಲ್ಲಿ ಎಷ್ಟಿವೆ?”

ಅಪ್ಪ ಇಸ್ತ್ರಿಪೆಟ್ಟಿಗೆ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. “ಅದಕ್ಕೆ ಇಷ್ಟು ರಾದ್ಧಾಂತವಾ? ಮಾತಿಗೆ ಮಾತು ಬಂತು, ಹೇಳಿದೆ. ಗಂಡನಿಗೆ ಹೆಸರು ಬಂದ್ರೆ ನಿನಗೇ ಅಲ್ವಾ ಗೌರವ?”

“ನನ್ನ ಗೌರವ ನನಗೆ ನೇರವಾಗಿ ಬರ್ಲಿ. ಅವರ ಮನೆ ಸುತ್ತಿ ಬರೋದು ಬೇಡ.”

“ನಿಂಗೆ ಅರ್ಥ ಆಗಲ್ಲ.”

“ಅರ್ಥ ಆಗೋ ಹಾಗೆ ಹೇಳು.”

ಹಳದಿ ಹಾಳೆಯಲ್ಲಿ ಒಂದು ಗುಳ್ಳೆ ಎದ್ದಿತು. ಅಪ್ಪ ಅದನ್ನು ಒತ್ತಿದ, ಅದು ಪಕ್ಕಕ್ಕೆ ಸರಿಯಿತು. ಕೊನೆಗೆ ಸಿಡುಕಿದ.

“ಗುಜರಿ ಅಂದೋನು ನಾನು. ಎಲ್ಲರ ಮುಂದೆ ಅಂದಿದ್ದೆ. ಈಗ ಅದನ್ನ ಮಗಳು ಎತ್ತಿ ನಿಲ್ಲಿಸಿದ್ಲು ಅಂದ್ರೆ ಆ ಗುಂಪು ನನ್ನ ಸುಮ್ನೆ ಬಿಡುತ್ತಾ? ನಾನು ಕಲಿಸಿದ ಹುಡುಗಿ ನನ್ನನ್ನೇ ಮೀರಿಸಿದ್ಲು ಅಂತ ಆಡ್ಕೊಂಡು ನಗ್ತಾರೆ. ಅಳಿಯ ಆದ್ರೆ ಹೊರಗಿನೋನು. ಹೊರಗಿನೋನ ಮುಂದೆ ಸೋತರೆ ಅವಮಾನ ಅಲ್ಲ.”

“ಸದ್ಯ, ನಿಜ ಹೊರಗೆ ಬಂತು,” ಎಂದಳು ಅಮ್ಮ, ತುತ್ತು ನುಂಗಿ.

ಅವಳಿಗೆ ಅಳು ಬಂತು. ಬಂದ ಅಳುವಿನ ಮೇಲೆ ಇನ್ನಷ್ಟು ಸಿಟ್ಟು ಬಂತು. ಗುಂಪಿನವರು ನಕ್ಕರೆ ಒಂದು ದಿನ ನಕ್ಕಾರು. ಆ ಒಂದು ದಿನದ ನಗು ತಪ್ಪಿಸಿಕೊಳ್ಳಲು ಇವನು ಮಗಳನ್ನೇ ಇಂಜಿನ್ನಿನಿಂದ ಬಿಚ್ಚಿ ಪಕ್ಕಕ್ಕಿಟ್ಟಿದ್ದ.

“ಕೇಳಪ್ಪ,” ಎಂದಳು. “ಬರೋ ಭಾನುವಾರ ಮೈದಾನದಲ್ಲಿ ಇದನ್ನ ಹಾರಿಸ್ತೀಯಲ್ಲ, ಆವಾಗ ಎಲ್ಲರ ಮುಂದೆ ನೀನೇ ಹೇಳ್ಬೇಕು. ನನ್ನ ಮಗಳು ಮಾಡಿದ್ದು ಅಂತ. ಅಷ್ಟೇ. ಹಾಡಿ ಹೊಗಳೋದು ಬೇಡ. ಹೇಳೋದಾದ್ರೆ ಇಂಜಿನ್ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ.”

“ಆಯ್ತು ಕಣಮ್ಮ ತಾಯಿ. ಹೇಳ್ತೀನಿ. ಸಾಕಾ?”

“ಸಾಕು.”

ಅವಳು ನಂಬಿದಳು. ಶನಿವಾರ ಇಂಜಿನ್ ತಂದು, ವಿಮಾನದ ಮೂತಿಯ ಮರದ ಗೋಡೆಗೆ ನಾಲ್ಕು ಬೋಲ್ಟು ಹಾಕಿ ತಾನೇ ಕೂರಿಸಿಕೊಟ್ಟಳು. ವಿಮಾನ ಅಪ್ಪನದು, ಇಂಜಿನ್ ತನ್ನದು, ಎರಡೂ ಸೇರಿದರೆ ಎಷ್ಟು ಚೆಂದ ಎಂದು ಸ್ವಲ್ಪ ಹೊತ್ತು ನಿಂತು ನೋಡಿದಳು ಕೂಡ. ಸಂಜೆ ಅಪ್ಪ ಅದನ್ನು ಅಕ್ಕಪಕ್ಕದವರಿಗೆಲ್ಲ ಓಡಿಸಿ ತೋರಿಸಿದನೆಂದು ಅಮ್ಮ ಫೋನಿನಲ್ಲಿ ಹೇಳಿದಳು.

ಭಾನುವಾರ ಮೈದಾನದಲ್ಲಿ ಇಡೀ ಗುಂಪು ನೆರೆದಿತ್ತು. ಎಣ್ಣೆ ಕೆಲಸವಿದ್ದೀತೆಂದು ಅವಳು ಏಪ್ರನ್ ತೊಟ್ಟೇ ಬಂದಿದ್ದಳು. ಗಾಳಿಮಾಮ ಹುಲ್ಲು ತೂರಿ, ಗಾಳಿ ಸರಿಯಿದೆ ಎಂದು ತಲೆಯಾಡಿಸಿದ. ಹಳದಿ ರೆಕ್ಕೆಯ ವಿಮಾನ ಬಿಸಿಲಿಗೆ ಮೂತಿ ಎತ್ತಿ ನಿಂತಿತ್ತು. ಮೊದಲ ಹಾರಾಟದಲ್ಲಿ ಇಂಜಿನ್ನಿಗೆ ಗಾಳಿ ಚೆನ್ನಾಗಿ ತಾಗಲೆಂದು ಮುಂದಿನ ಮುಚ್ಚಳ ಹಾಕಿರಲಿಲ್ಲ. ಐದು ಸಿಲಿಂಡರೂ ಎಲ್ಲರಿಗೂ ಕಾಣುತ್ತಿದ್ದವು.

ಅಪ್ಪ ಗಂಟಲು ಸರಿಮಾಡಿಕೊಂಡ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಒಂದು ಸಾಲು ಕೇಳಲು ಇಷ್ಟು ಆಸೆ ಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

“ಇದು ಹಳೇ ಇಂಜಿನ್ನು, ನಿಮಗೆಲ್ಲ ಗೊತ್ತು,” ಎಂದ ಅಪ್ಪ. “ನಾನೇ ಕೈಬಿಟ್ಟಿದ್ದೆ. ಇದಕ್ಕೆ ಮರುಜನ್ಮ ಕೊಟ್ಟಿದ್ದು...” ಎಂದು ಎಲ್ಲರ ಮುಖ ನೋಡಿದ. ಎಲ್ಲರೂ ಆಗಲೇ ಅಳಿಯನ ಕಡೆ ನೋಡಿ ನಗುತ್ತಿದ್ದರು. ಅಪ್ಪನೂ ನಕ್ಕ. “ಸರಿ, ಯಾರು ಅಂತ ನಾನು ಬೇರೆ ಹೇಳ್ಬೇಕಾ? ಬನ್ನಿ ಅಳಿಯಂದಿರೇ. ನಿಮ್ಮ ಕೈಯಿಂದಲೇ ಸ್ಟಾರ್ಟ್ ಆಗ್ಲಿ.”

ಚಪ್ಪಾಳೆ ಬಿತ್ತು. ಪಂಖಕ್ಕೆ ಒತ್ತಿ ಹಿಡಿದು ತಿರುಗಿಸುವ ಸ್ಟಾರ್ಟರ್ ಮೋಟರನ್ನು ಅಪ್ಪ ಅಳಿಯನ ಕೈಗಿಟ್ಟ. ಅವನು ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಮಾವನ ಮುಖ ನೋಡಿದ, ಒಮ್ಮೆ ಚಪ್ಪಾಳೆ ತಟ್ಟುವವರನ್ನು ನೋಡಿದ. ಆಮೇಲೆ ಮೋಟರು ಹಿಡಿದು ವಿಮಾನದ ಕಡೆ ನಡೆದ.

ಅವಳ ಕೈ ತಾನಾಗಿ ಏಪ್ರನ್ ಜೇಬಿಗೆ ಹೋಯಿತು. ತೆಳ್ಳನೆಯ ಸ್ಪ್ಯಾನರ್ ಅಲ್ಲೇ ಇತ್ತು.

ಅಂದರೆ ಕೆಳಗಿನ ಎರಡು ಪ್ಲಗ್ಗುಗಳನ್ನು ಯಾರೂ ಬಿಚ್ಚಿಲ್ಲ. ಬಿಚ್ಚಲು ಸಾಧ್ಯವೇ ಇಲ್ಲ. ನಿನ್ನೆ ಸಂಜೆ ಓಡಿಸಿದ ಇಂಜಿನ್ನಿನ ಎಣ್ಣೆಯೆಲ್ಲ ರಾತ್ರಿಯಿಡೀ ಇಳಿದು ತಲೆಕೆಳಗಿನ ಆ ಎರಡು ಸಿಲಿಂಡರುಗಳಲ್ಲಿ ತುಂಬಿ ಕೂತಿದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ಎಣ್ಣೆಯನ್ನು ಕುಗ್ಗಿಸಲಾಗುವುದಿಲ್ಲ. ಕೈಯಿಂದ ತಿರುಗಿಸಿದರೆ ಪಂಖ ತಡೆದು ನಿಂತು ಎಚ್ಚರಿಸುತ್ತದೆ. ಸ್ಟಾರ್ಟರ್ ಮೋಟರಿಗೆ ಆ ವಿವೇಕ ಇಲ್ಲ. ಅದು ತಿರುಗಿಸಿಯೇ ತೀರುತ್ತದೆ, ಒಳಗಿನ ದಂಡ ಬಗ್ಗಿಯೇ ಬಗ್ಗುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನು ಅಪ್ಪನೇ. ಅವಳು ಫ್ರಾಕ್ ತೊಡುತ್ತಿದ್ದ ಕಾಲದಲ್ಲಿ, ಇದೇ ಮೈದಾನದಲ್ಲಿ, ಮಂಡಿಯೂರಿ ಕೂತು. “ಮೊದಲು ಕೆಳಗಿನೋರ ಹೊಟ್ಟೆ ಖಾಲಿ ಮಾಡ್ಸು. ಆಮೇಲೆ ಮೇಲಿನೋರನ್ನ ಎಬ್ಬಿಸು.” ಈಗ ಆ ಅಪ್ಪ ಚಪ್ಪಾಳೆಯ ಗದ್ದಲದಲ್ಲಿ ಎಲ್ಲವನ್ನೂ ಮರೆತು ನಿಂತಿದ್ದ.

ಬಗ್ಗಲಿ, ಎಂದುಕೊಂಡಳು. ಹೇಳಿ ಮಾಡಿಸಿದ ಹಾಗಿದೆ. ಅಳಿಯಂದಿರು ಒತ್ತಲಿ, ಇಂಜಿನ್ ಮುರಿಯಲಿ, ಅವರಿಗೆ ಇದರ ತಲೆಬುಡ ಗೊತ್ತಿಲ್ಲವೆಂದು ಎಲ್ಲರಿಗೂ ತಿಳಿಯಲಿ. ಅಪ್ಪನ ಮುಖ ಆಗ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕು. ಅವಳು ಬಾಯಿ ಮುಚ್ಚಿಕೊಂಡು ನಿಂತಳು. ಗಂಡ ಮೋಟರಿನ ರಬ್ಬರನ್ನು ಪಂಖದ ಮೂಗಿಗೆ ಒತ್ತಿದ. ಅವನ ಹೆಬ್ಬೆರಳು ಗುಂಡಿಯನ್ನು ಹುಡುಕುತ್ತಿತ್ತು, ಗುಂಡಿ ಎಲ್ಲಿದೆ ಎಂದು ಕೂಡ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವಳಿಗೆ ಆ ನೀಲಿ ಉಂಗುರಗಳು ನೆನಪಾದವು. ಒಂದೊಂದನ್ನೂ ಎಷ್ಟು ಸಲ ಅರೆದು, ಒರೆಸಿ, ಮತ್ತೆ ಅರೆದಿದ್ದಳು. ತಪ್ಪು ಮಾಡಿದವರು ಇಬ್ಬರು. ಇಂಜಿನ್ ಏನು ಮಾಡಿತ್ತು?

“ನಿಲ್ಸ್ರೀ,” ಎಂದಳು. ಕೂಗಲಿಲ್ಲ. ಆದರೂ ಚಪ್ಪಾಳೆ ನಿಂತಿತು.

ಹೋಗಿ ಗಂಡನ ಕೈಯಿಂದ ಮೋಟರು ಕಿತ್ತು ಹುಲ್ಲಿನ ಮೇಲಿಟ್ಟಳು. ಮಂಡಿಯೂರಿ ಕೂತು, ಜೇಬಿನ ಸ್ಪ್ಯಾನರಿನಿಂದ ಕೆಳಗಿನ ಎರಡು ಪ್ಲಗ್ಗು ಬಿಚ್ಚಿದಳು. ಪಂಖವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೊಡನೆ ಎಣ್ಣೆ ದಳದಳನೆ ಸುರಿದು ಅವಳ ಅಂಗೈ ತುಂಬಿ ಹುಲ್ಲಿಗೆ ಬಿತ್ತು. ಇನ್ನೊಂದು ಸುತ್ತಿಗೆ ಎರಡನೆಯ ತೂತಿನಿಂದ ಇನ್ನಷ್ಟು ಬಂತು. ಯಾರೋ ಹಿಂದಿನಿಂದ “ಅಬ್ಬಾ, ಒತ್ತಿದ್ದಿದ್ರೆ ಹೋಗಿತ್ತು” ಎಂದರು. ಹನಿ ನಿಂತ ಮೇಲೆ ಪ್ಲಗ್ಗು ಒರೆಸಿ ಹಾಕಿ, ಎದ್ದು, ಗಂಡನನ್ನು ಪಕ್ಕಕ್ಕೆ ಸರಿಸಿ, ಪಂಖಕ್ಕೆ ಒಂದೇ ಪೆಟ್ಟು ಕೊಟ್ಟಳು.

ಇಂಜಿನ್ ಹಿಡಿಯಿತು. ಮೊದಲು ಮೂರು ಸಿಲಿಂಡರು, ಬಿಳಿ ಹೊಗೆ ಉಗುಳಿ ಇನ್ನೊಂದು, ಆಮೇಲೆ ಐದೂ. ಒಂದಕ್ಕೊಂದು ಎಡವದೆ ಗುಡುಗುಡು ಎಂದು ಒಂದೇ ಸಮನೆ ಓಡಿತು. ಹುಲ್ಲು ಹಿಂದಕ್ಕೆ ಬಾಗಿತು. ಆ ಶಬ್ದ ಕೇಳಿ ಅವಳ ಕಣ್ಣು ತುಂಬಿತು, ಅದನ್ನು ಯಾರಿಗೂ ತೋರಿಸಲಿಲ್ಲ.

ಗಾಳಿಮಾಮ ಹತ್ತಿರ ಬಂದು ಬೆರಗಿನಿಂದ ಕೇಳಿದ, “ಏನಮ್ಮ, ಇದೆಲ್ಲ ನಿನಗೆ ಯಾರು ಕಲಿಸಿದ್ದು?”

ಅವಳು ಅಪ್ಪನ ಕಡೆ ತಿರುಗಿ ನೋಡಿದಳು. ಪ್ರಶ್ನೆ ಈಗ ಅವನ ಅಂಗಳದಲ್ಲೇ ಬಿದ್ದಿತ್ತು. ನಾನು ಕಲಿಸಿದ್ದು, ನನ್ನ ಮಗಳು, ಎಂದರೆ ಮುಗಿಯಿತು. ಅವನಿಗೂ ಅದರಲ್ಲಿ ಪಾಲಿತ್ತು, ಅರ್ಧ ಹೆಮ್ಮೆ ಅವನದೇ. ಇಷ್ಟು ಸುಲಭ ಮಾಡಿಕೊಟ್ಟ ಮೇಲಾದರೂ ಹೇಳುತ್ತಾನೆ ಎಂದು ಕಾದಳು.

ಅಪ್ಪ ಎಲ್ಲರನ್ನೂ ನೋಡಿದ. “ಇನ್ಯಾರು?” ಎಂದು ನಕ್ಕ. “ಅಳಿಯಂದಿರು ಇವಳನ್ನ ಚೆನ್ನಾಗಿ ತಯಾರು ಮಾಡಿದ್ದಾರೆ.”

ಅವಳು ಬಗ್ಗಿ ಸ್ವಿಚ್ಚು ಆರಿಸಿದಳು. ಇಂಜಿನ್ ನಿಂತಿತು. ಬಿಸಿ ಲೋಹ ಆರುತ್ತ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಅಪ್ಪನ ಟೂಲ್ ಪೆಟ್ಟಿಗೆಯನ್ನು ಎಳೆದುಕೊಂಡು, ಪೆಟ್ರೋಲ್ ಕೊಳವೆಯನ್ನು ಕಿತ್ತು ಅದರ ಬಾಯಿಗೆ ಕಟ್ಟು ಹಾಕಿದಳು. ಬ್ಯಾಟರಿಯ ತಂತಿ ಬಿಡಿಸಿ, ಪಂಖ ಕಳಚಿಟ್ಟಳು. ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.

“ಏನ್ ಮಾಡ್ತಿದ್ದೀಯ?” ಎಂದ ಅಪ್ಪ.

ಎರಡನೆಯ ಬೋಲ್ಟು ಬಿಸಿಯಾಗಿತ್ತು. ಬೆರಳು ಚುರ್ ಎಂದಿತು. ಅವಳು ಅಭ್ಯಾಸಬಲದಿಂದ ಹಿಂದಕ್ಕೆ ಕೈ ಚಾಚಿದಳು, ಒದ್ದೆ ಬಟ್ಟೆ ಬಂದು ಕೈಗೆ ಕೂತಿತು. ಗಂಡ ಬಾಟಲಿಯ ನೀರಿನಲ್ಲಿ ಕರವಸ್ತ್ರ ಅದ್ದಿ ಹಿಡಿದು ನಿಂತಿದ್ದ.

“ಮಾವ,” ಎಂದ ಅವನು. “ಈ ಇಂಜಿನ್ನಲ್ಲಿ ನಾನು ಮಾಡಿದ್ದು ಇದೊಂದೇ. ಬಟ್ಟೆ ಕೊಡೋದು. ಮಿಕ್ಕಿದ್ದೆಲ್ಲ ಅವಳದೇ. ಕಲಿಸಿದ್ದು ನೀವು, ನಾನಲ್ಲ.”

ಕೊನೆಗೂ ಆ ಒಂದು ಪದ ಬಂದಿತ್ತು. ಗಾಳಿಮಾಮ ಕೈಯಲ್ಲಿದ್ದ ಹುಲ್ಲನ್ನು ತೂರದೆ ಕೆಳಗೆ ಬಿಟ್ಟ. ಅವಳು ಮೂರನೆಯ ಬೋಲ್ಟು ತೆಗೆದು ಜೇಬಿಗೆ ಹಾಕಿಕೊಂಡಳು.

“ಅವರಿಗೆ ಹೊತ್ತಾದ್ರೂ ಬಾಯಿ ಬಂತು,” ಎಂದಳು ಅಪ್ಪನಿಗೆ. “ನೀನು?”

ಅಪ್ಪನ ಮುಖ ಕೆಂಪಗಾಗಿತ್ತು. ಅವನು ನೋಡುತ್ತಿದ್ದುದು ಅವಳನ್ನಲ್ಲ, ಸುತ್ತ ನಿಂತವರನ್ನು. “ಮನೆಗೆ ಹೋಗಿ ಮಾತಾಡೋಣ,” ಎಂದ ಹಲ್ಲು ಕಚ್ಚಿ. “ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ.”

ನಾಲ್ಕನೆಯ ಬೋಲ್ಟು ಬಂತು. ಇಂಜಿನ್ ಅವಳ ಕೈಗೆ ಜಾರಿತು. ಅದನ್ನು ಏಪ್ರನ್ನಿನಲ್ಲಿ ಸುತ್ತಿ ಎದೆಗವಚಿಕೊಂಡು ಎದ್ದಳು. ಬಟ್ಟೆಯ ಒಳಗಿನಿಂದ ಬಿಸಿ ತಾಗುತ್ತಿತ್ತು. ವಿಮಾನದ ಮೂತಿಯಲ್ಲಿ ನಾಲ್ಕು ತೂತಿನ ಮರದ ಹಲಗೆ ಮಾತ್ರ ಉಳಿಯಿತು.

“ಇಂಜಿನ್ ತಗೊಂಡು ಹೋದ್ರೆ ನಾನು ಏನು ಹಾರಿಸ್ಲಿ?” ಎಂದ ಅಪ್ಪ.

“ಅಳಿಯಂದಿರನ್ನ ಕೇಳು,” ಎಂದಳು. “ಇನ್ನೊಂದು ಮಾಡಿಕೊಡ್ತಾರೆ.”